ಕಣ್ಣಿನ ಒಳಹರಿವು

ಜನವರಿ 12

ಇಂಜಿನಿಯರಮ್ಮನಿಗೆ,

ಈ ಕಾಗದ ನೋಡಿ ನಿನಗೆ ಗಾಬರಿಯಾಗಬಹುದು. ಯಾರೂ ಸತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ನನ್ನ ಮಗನಿಂದ ಬಿಡುಗಡೆ ತೆಗೆದುಕೊಂಡು ಈ ಮನೆಯಿಂದ ಹೋಗಿ ನಾಲ್ಕು ವರ್ಷವಾಯಿತು. ಅಷ್ಟರಲ್ಲಿ ನಾನು ನಿನಗೆ ಒಂದು ಸಾಲು ಬರೆದವಳಲ್ಲ. ಈಗ ಬರೆಯುತ್ತಿರುವುದೂ ಕೆಲಸವಿದ್ದೇ. ನಿನಗೆ ಗೊತ್ತಿರುವ ಒಂದು ವಿಷಯ ನನಗೆ ತಿಳಿಯಬೇಕಾಗಿದೆ.

ನನ್ನ ಎಡಗಣ್ಣು ಹೋದ ವರ್ಷ ಪೂರ್ತಿ ಹೋಯಿತು. ಗ್ಲಾಕೋಮಾ. ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ತಿನ್ನುತ್ತಾ ಬಂತು. ನಾನು ಕನ್ನಡಕ ಬದಲಾಯಿಸುತ್ತಾ ಕೂತೆ. ಈಗ ಬಲಗಣ್ಣಿಗೂ ಅದೇ. ಮೂರು ಬಗೆಯ ಹನಿ ಹಾಕುತ್ತೇನೆ. ಒಂದು ಆಪರೇಷನ್ನೂ ಆಯಿತು. ಕಣ್ಣೊಳಗಿನ ನೀರು ಹೊರಗೆ ಹೋಗಲು ಸಣ್ಣದೊಂದು ದಾರಿ ಮಾಡಿದರು. ಕೆಲವೇ ತಿಂಗಳಲ್ಲಿ ಆ ದಾರಿ ಗಾಯ ಮಾಯುವ ಹಾಗೆ ಮಾಯ್ದು ಮುಚ್ಚಿಕೊಂಡಿತು. "ನಿಮ್ಮ ಮೈ ಗಾಯಾನ ತುಂಬಾ ಚೆನ್ನಾಗಿ ಮಾಯಿಸಿಕೊಳ್ಳುತ್ತೆ ಕಣಮ್ಮ, ಅದೇ ತೊಂದರೆ" ಎಂದರು ಡಾಕ್ಟರಮ್ಮ. ಎಪ್ಪತ್ತು ದಾಟಿದ ಮೇಲೆ ನನ್ನ ಮೈಯನ್ನು ಯಾರೋ ಹೊಗಳಿದರು, ಅದೂ ಹೀಗೆ.

ಈಗ ಲೇಸರ್ ಮಾಡಬೇಕಂತೆ. "ಒಳಗೆ ಒತ್ತಡ ಜಾಸ್ತಿ. ಹೊರಗೆ ಹೋಗೋ ದಾರಿ ನಿಲ್ತಾ ಇಲ್ಲ. ನೀರು ಬರೋದನ್ನೇ ಕಮ್ಮಿ ಮಾಡೋಣ" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಕಣ್ಣೀರನ್ನು ಕಮ್ಮಿ ಮಾಡುತ್ತಾರಾ? ಎರಡನೇ ಸಲ ಕೇಳೋಣವೆಂದರೆ ಇವನು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಮನೆಗೆ ಬಂದು ಕೇಳಿದರೆ, "ಅಮ್ಮ, ಅವರು ಡಾಕ್ಟರು. ಹೇಳಿದ್ದು ಮಾಡಿದ್ರಾಯ್ತು. ನಂಗೂ ನಿಂಗೂ ಅರ್ಥ ಆಗಿ ಏನಾಗ್ಬೇಕು?" ಎಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಕಣ್ಣು ನನ್ನದು. ಉಳಿದಿರುವುದು ಇದೊಂದೇ.

ನೀನು ಊರಿಗೆ ನೀರು ಬಿಡುವ ಕಡೆ ಒತ್ತಡದ ಕೆಲಸ ಮಾಡುವವಳು. ನನಗೆ ಅರ್ಥವಾಗುವ ಹಾಗೆ ಬರೆ. ಫೋನ್ ಮಾಡಬೇಡ. ಫೋನು ನಡುಮನೆಯಲ್ಲಿದೆ, ನಡುಮನೆಯಲ್ಲಿ ಇವನಿದ್ದಾನೆ. ದಪ್ಪ ಅಕ್ಷರ, ಕಪ್ಪು ಶಾಯಿ, ಸಾಲಿನ ನಡುವೆ ಜಾಗ ಬಿಡು. ನಾನು ಟೈಪ್ ಮಾಡುತ್ತಿದ್ದೇನೆ. ನನ್ನ ಟೈಪಿಂಗ್ ಸ್ಕೂಲು ಮುಚ್ಚಿದಾಗ ಮೆಷಿನ್ನುಗಳನ್ನೆಲ್ಲ ಕೊಟ್ಟು ಇದೊಂದನ್ನು ನನ್ನ ಕೋಣೆಗೆ ತಂದುಕೊಂಡಿದ್ದು ನಿನಗೆ ನೆನಪಿರಬೇಕು. ಇದಕ್ಕೆ ಕಣ್ಣು ಬೇಡ.

ಬೇರೇನೂ ಕೇಳುತ್ತಿಲ್ಲ. ನೀನು ಹೇಗಿದ್ದೀಯ ಎಂದು ಬರೆದರೆ ಅದನ್ನೂ ಓದುತ್ತೇನೆ.

ಹೆಸರಿನ ಮುಂದೆ ಏನು ಹಾಕಿಕೊಳ್ಳಬೇಕೋ ತಿಳಿಯದೆ,
ಟೈಪಿಂಗ್ ಸ್ಕೂಲಿನ ಮೇಡಂ


ಜನವರಿ 21

ಅತ್ತೆ,

ಏನೆಂದು ಕರೆಯಬೇಕೆಂದು ನಾನೂ ತುಂಬಾ ಯೋಚಿಸಿದೆ. 'ಮೇಡಂ' ಎಂದು ಬರೆದು ನೋಡಿದೆ, ಹೋಮ್‌ವರ್ಕ್ ಒಪ್ಪಿಸುತ್ತಿರುವ ಹಾಗಿತ್ತು. 'ಅಮ್ಮ' ಎನ್ನುವ ಧೈರ್ಯ ಆ ಮನೆಯಲ್ಲಿದ್ದಾಗಲೇ ಇರಲಿಲ್ಲ. ನಾನು ಬಿಟ್ಟುಕೊಟ್ಟದ್ದೆಲ್ಲ ಕೋರ್ಟಿನ ಕಾಗದದಲ್ಲಿ ಬರೆದಿದೆ. ಅದರಲ್ಲಿ ನಿಮ್ಮ ಮಾತು ಎಲ್ಲೂ ಬಂದಿಲ್ಲ. ಹಾಗಾಗಿ ಅತ್ತೆ ಎಂದೇ ಬರೆದಿದ್ದೇನೆ. ಬೇಡವೆನಿಸಿದರೆ ಹೇಳಿ.

ಕಣ್ಣಿನ ವಿಷಯ. ಅದು ಕಣ್ಣೀರಲ್ಲ. ಕಣ್ಣೀರು ಹೊರಗಿನದು, ಅದರ ಪಾಡಿಗೆ ಅದಿರುತ್ತದೆ. ಕಣ್ಣುಗುಡ್ಡೆಯ ಒಳಗೇ ಒಂದು ತಿಳಿನೀರು ಇದೆ. ಕಪ್ಪು ವೃತ್ತದ ಹಿಂದೆ, ಸುತ್ತಲೂ ಬಳೆಯ ಹಾಗೆ ಕೂತ ಸಣ್ಣದೊಂದು ಅಂಗ ಅದನ್ನು ಹಗಲೂ ರಾತ್ರಿ ತಯಾರಿಸುತ್ತದೆ. ಮೂಲೆಯಲ್ಲಿರುವ ಜರಡಿಯಂಥ ದಾರಿಯಿಂದ ಆ ನೀರು ಆಚೆ ಹೋಗುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಒಂದು ಕಡೆಯಿಂದ ಪಂಪು ತುಂಬಿಸುತ್ತಿದೆ, ಇನ್ನೊಂದು ಕಡೆಯ ಕೊಳವೆ ಕಟ್ಟಿಕೊಂಡಿದೆ. ಪಂಪು ನಿಲ್ಲುವುದಿಲ್ಲ. ಆಗ ಗೋಡೆಯ ಮೇಲೆ ಒತ್ತಡ ಬೀಳುತ್ತದೆ, ಎಲ್ಲಿ ದುರ್ಬಲವೋ ಅಲ್ಲಿ ಏಟಾಗುತ್ತದೆ. ಕಣ್ಣಿನಲ್ಲಿ ಆ ದುರ್ಬಲ ಜಾಗ ಹಿಂದುಗಡೆಯ ನರ. ನೋಟವನ್ನು ತಲೆಗೆ ಒಯ್ಯುವುದು ಅದೇ.

ಹನಿಗಳಲ್ಲಿ ಕೆಲವು ಕೊಳವೆಯನ್ನು ಸಡಿಲಿಸುತ್ತವೆ, ಕೆಲವು ಪಂಪನ್ನು ನಿಧಾನ ಮಾಡುತ್ತವೆ. ನಿಮಗೆ ಮಾಡಿದ ಆಪರೇಷನ್ ಹೊಸ ಕೊಳವೆ ತೆಗೆದ ಹಾಗೆ. ಅದು ಮುಚ್ಚಿತು. ಈಗ ಉಳಿದಿರುವುದು ಪಂಪಿನ ಕಡೆ. ಲೇಸರಿನ ಬಿಸಿಯಿಂದ ನೀರು ತಯಾರಿಸುವ ಆ ಅಂಗದ ಒಂದಷ್ಟು ಭಾಗವನ್ನು ಕೆಲಸದಿಂದ ಬಿಡಿಸುತ್ತಾರೆ. ಪೂರ್ತಿಯಲ್ಲ. ಪೂರ್ತಿ ಬಿಡಿಸಿದರೆ ಕಣ್ಣು ಸೊರಗಿಹೋಗುತ್ತದೆ. ನಮ್ಮಲ್ಲೂ ಒತ್ತಡ ತೀರಾ ಇಳಿದರೆ ಅಪಾಯವೇ. ಕೊಳವೆಯ ಸಂದುಗಳಿಂದ ಹೊರಗಿನ ಕೊಳಕು ಒಳಗೆ ಬರುತ್ತದೆ, ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನನಗೆ ಎರಡೂ ಕಡೆಯ ಭಯವಿದೆ.

ಇದನ್ನೆಲ್ಲ ಓದಿಕೊಂಡು ಬರೆದೆ. ಆದರೂ ಕಣ್ಣು ಕೊಳವೆಯಲ್ಲ. ನಾನು ಕೊಳವೆಯವಳು, ನನಗೆ ಎಲ್ಲವೂ ಹಾಗೇ ಕಾಣುತ್ತದೆ. ಸುಡುವುದು ಎಷ್ಟು, ಕಡಿಮೆಯಾದರೆ ಏನು, ಹೆಚ್ಚಾದರೆ ಏನು ಎಂದು ಡಾಕ್ಟರನ್ನೇ ಕೇಳಿ. ಗಡಿಯಾರ ನೋಡುವವರು ನೋಡಲಿ.

ನಾನು ಚೆನ್ನಾಗಿದ್ದೇನೆ. ಕಂಟ್ರೋಲ್ ರೂಮಿನ ಗೋಡೆ ತುಂಬಾ ನೀರಿನ ಒತ್ತಡದ ಮೀಟರುಗಳು. ಬೆಳಿಗ್ಗೆ ಊರು ಎದ್ದು ನಲ್ಲಿ ತಿರುಗಿಸಿದಂತೆ ಮುಳ್ಳುಗಳು ಒಂದೊಂದಾಗಿ ಇಳಿಯುತ್ತವೆ. ಯಾವ ಬಡಾವಣೆ ಎದ್ದಿತು, ಯಾವುದು ಇನ್ನೂ ಹೊದ್ದು ಮಲಗಿದೆ ಎಂದು ಕೂತಲ್ಲೇ ಗೊತ್ತಾಗುತ್ತದೆ. ಸಂಜೆ ಮನೆಗೆ ಬಂದರೆ ಇಳಿಯುವ ಮುಳ್ಳುಗಳಿಲ್ಲ.

ಅಕ್ಷರ ಸಾಕಷ್ಟು ದಪ್ಪವಾಯಿತೇ? ಬರವಣಿಗೆಯಲ್ಲಿ ತಪ್ಪಿದ್ದರೆ ಹೊಣೆ ನಿಮ್ಮದೇ. ಇಂಗ್ಲಿಷ್ ಶಾಲೆಯಿಂದ ಬಂದವಳಿಗೆ ಕನ್ನಡ ಅಕ್ಷರ ಕೈಗೆ ಹತ್ತಿದ್ದು ನಿಮ್ಮ ಮೆಷಿನ್ನಿನ ಮೇಲೆ.

ನಮಸ್ಕಾರಗಳೊಂದಿಗೆ,
ನಾನು


ಫೆಬ್ರವರಿ 3

ಇಂಜಿನಿಯರಮ್ಮನಿಗೆ,

ಅತ್ತೆ ಎನ್ನುವುದು ಇರಲಿ. ಈ ವಯಸ್ಸಿನಲ್ಲಿ ಹೊಸ ಹೆಸರು ಒಗ್ಗುವುದಿಲ್ಲ.

ನಿನ್ನ ಕಾಗದವನ್ನು ಅರ್ಧ ಬಾಯಿಪಾಠ ಮಾಡಿಕೊಂಡು ಆಸ್ಪತ್ರೆಗೆ ಹೋದೆ. "ನಲ್ಲಿಯ ತಿರುಪು ಸ್ವಲ್ಪ ಬಿಗಿ ಮಾಡ್ತೀರಿ, ಅಷ್ಟೇ ತಾನೇ?" ಎಂದೆ. ಡಾಕ್ಟರಮ್ಮ ನಕ್ಕರು. "ಯಾರಮ್ಮ ನಿಮಗೆ ಹೇಳಿಕೊಟ್ಟಿದ್ದು?"

"ನಮ್ಮ ಮನೆ ಇಂಜಿನಿಯರು."

ಇವನು ಗಡಿಯಾರದಿಂದ ತಲೆಯೆತ್ತಿದ. ಆಮೇಲೆ ಮತ್ತೆ ಗಡಿಯಾರ ನೋಡಿದ.

"ಬಿಗಿ ಮಾಡೋದಲ್ಲಮ್ಮ, ನೀರು ಮಾಡೋ ಜಾಗಾನ ಅಲ್ಲಲ್ಲಿ ಸುಡೋದು. ಹೊರಗಿನಿಂದಲೇ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಕಣ್ಣಿನ ಪಕ್ಕ ಒಂದು ಇಂಜೆಕ್ಷನ್ ಕೊಡ್ತೀನಿ, ಗೊತ್ತೇ ಆಗಲ್ಲ."

"ಸುಟ್ಟಿದ್ದು ಕಮ್ಮಿ ಆದ್ರೆ?"

"ಇನ್ನೊಂದ್ಸಲ ಮಾಡೋಣ."

"ಜಾಸ್ತಿ ಆದ್ರೆ?"

ಆಗ ಅವರು ಪೆನ್ನು ಕೆಳಗಿಟ್ಟರು. "ಜಾಸ್ತಿ ಆದ್ರೆ ವಾಪಸ್ ತರೋಕಾಗಲ್ಲ. ಅದಕ್ಕೇ ಕಮ್ಮಿಯಿಂದ ಶುರು ಮಾಡೋದು. ಹೋಗಿರೋ ದೃಷ್ಟಿ ಬರಲ್ಲಮ್ಮ, ಅದನ್ನೂ ಈಗ್ಲೇ ಹೇಳಿಬಿಡ್ತೀನಿ. ಇರೋದು ಉಳಿಯಬಹುದು."

ಈ 'ಬಹುದು' ನನಗೆ ಹಿಡಿಸಲಿಲ್ಲ. ಬೇಡ ಎಂದು ಹೇಳಿ ಬಂದಿದ್ದೇನೆ. ಇವನಿಗೆ ಸಿಟ್ಟು ಬಂದಿದೆ.

ಬೇಡ ಎಂದಿದ್ದು ಹೆದರಿಕೆಯಿಂದಲ್ಲ. ನನ್ನ ಬಲಗಣ್ಣು ಅವರು ಹೇಳುವಷ್ಟು ಕೆಟ್ಟಿಲ್ಲ. ಅಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ಒಂದು ದೀಪವನ್ನೇ ನೋಡುತ್ತಿರಬೇಕು. ಸುತ್ತಮುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಮಿಂಚಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಒಂದನ್ನೂ ಬಿಡದೆ ಒತ್ತಿದೆ. ಬೇರೆಯವರು ಒದ್ದಾಡುವುದು ಪರದೆಯಾಚೆ ಕೇಳುತ್ತದೆ. "ಒತ್ತಿ ಅಜ್ಜ, ಒತ್ತಿ" ಎಂದು ಆ ಹುಡುಗಿ ಗೋಗರೆಯುತ್ತಿರುತ್ತಾಳೆ. ನನಗೆ ಹೇಳಿಸಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಆದರೆ ಯಂತ್ರ ಏನು ಬರೆಯಿತು ಗೊತ್ತೇ? ಈ ಫಲಿತಾಂಶ ನಂಬುವ ಹಾಗಿಲ್ಲ ಎಂದು. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ. ನನ್ನನ್ನು! ಊರಿನ ಅರ್ಧ ಆಫೀಸುಗಳಿಗೆ ಟೈಪಿಸ್ಟರನ್ನು ಕೊಟ್ಟವಳನ್ನು ಒಂದು ಬೋಗುಣಿ ನಂಬುವುದಿಲ್ಲವಂತೆ. ಯಂತ್ರವೇ ಕೆಟ್ಟಿದೆ ಎಂದು ನನ್ನ ಲೆಕ್ಕ.

ಇಷ್ಟು ಕಾಣುತ್ತಿರುವಾಗ ಅದಕ್ಕೆ ಬೆಂಕಿ ಯಾಕೆ ಇಡಿಸಿಕೊಳ್ಳಲಿ?

ಸಂಜೆ ಮನೆಗೆ ಬಂದು ಏನು ಮಾಡುತ್ತೀಯ? ಅದನ್ನು ನೀನು ಬರೆದಿಲ್ಲ.

ನಿನ್ನ ಅತ್ತೆ


ಫೆಬ್ರವರಿ 14

ಅತ್ತೆ,

ಇದನ್ನು ಬರೆಯಲೋ ಬೇಡವೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ಒಂದು ವಾರ ಕಳೆದೆ. ನಿಮ್ಮ ಕಣ್ಣಿನ ಬಗ್ಗೆ ಹೇಳುವ ಹಕ್ಕು ನನಗೆ ಉಳಿದಿದೆಯೇ ಎಂಬುದು ಒಂದು. ಹೇಳಿ ತಪ್ಪಾದರೆ ಅದನ್ನು ಹೊರುವವರು ನೀವು, ನಾನಲ್ಲ ಎಂಬುದು ಇನ್ನೊಂದು. ಕೊನೆಗೆ ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ, ಸಲಹೆ ಕೊಡುವುದಿಲ್ಲ ಎಂದು ತೀರ್ಮಾನಿಸಿದೆ.

ಅದಕ್ಕೆ ಮೊದಲು ನಮ್ಮಲ್ಲಿ ನಡೆದ ಒಂದು ಸಂಗತಿ. ದಿಬ್ಬದ ಮೇಲಿನ ಬಡಾವಣೆಯಿಂದ ನೀರಿಲ್ಲವೆಂದು ದೂರು ಬರುತ್ತಿತ್ತು. ಗೋಡೆಯ ಮೇಲಿನ ಮೀಟರು ಒತ್ತಡ ಚೆನ್ನಾಗಿದೆ ಎನ್ನುತ್ತಿತ್ತು. ನಾನು ಮೀಟರನ್ನು ನಂಬಿದೆ. ಫೋನ್ ಮಾಡಿದವರಿಗೆಲ್ಲ, "ನಿಮ್ಮ ಮನೆಯ ನಲ್ಲೀನೇ ನೋಡಿಸಿ" ಎಂದೆ. ಒಂದು ದಿನ ನಮ್ಮ ನೀರಗಂಟಿ ಬಂದು ಮೀಟರಿನ ಗಾಜಿಗೆ ಬೆರಳಿನಿಂದ ಟಕ್ ಎಂದು ಹೊಡೆದ. ಮುಳ್ಳು ದಬಕ್ಕನೆ ಕೆಳಗೆ ಬಿತ್ತು. ಅದು ಎಂದೋ ಅಂಟಿಕೊಂಡಿತ್ತು.

ಈಗ ಪ್ರಶ್ನೆ. ಚುಕ್ಕಿ ಕಂಡಾಗ ಒತ್ತುತ್ತೀರಾ, ಅಥವಾ ಚುಕ್ಕಿ ಬರುವ ಹೊತ್ತಾಯಿತು ಎಂದು ಒತ್ತುತ್ತೀರಾ?

ನಿಮ್ಮ ಸ್ಕೂಲಿನ ಸಂಜೆಯ ತರಗತಿ ನೆನಪಾಗುತ್ತಿದೆ. ನೀವು ಮರದ ಸ್ಕೇಲಿನಿಂದ ಮೇಜಿನ ಅಂಚಿಗೆ ತಾಳ ಹಾಕುತ್ತಿದ್ದಿರಿ. ಅಷ್ಟೂ ಮೆಷಿನ್ನುಗಳು ಒಟ್ಟಿಗೆ ಬಡಿಯಬೇಕು. ನಾನು ಅಕ್ಷರ ಹುಡುಕಲು ಬಗ್ಗಿದರೆ, "ಕೆಳಗೆ ನೋಡಿದ್ರೆ ಕೈ ಸೋಮಾರಿ ಆಗುತ್ತೆ. ತಾಳ ಬಿಡಬೇಡ. ಏಟು ಬೀಳಲಿ, ಅಕ್ಷರ ತಾನಾಗಿ ಬರುತ್ತೆ" ಎನ್ನುತ್ತಿದ್ದಿರಿ. ಅಕ್ಷರ ತಾನಾಗಿಯೇ ಬಂತು. ನಿಮ್ಮ ಕೈಗೆ ತಾಳ ತಪ್ಪುವುದು ಗೊತ್ತಿಲ್ಲ. ಆ ಯಂತ್ರದ ಚುಕ್ಕಿಗಳೂ ಹೆಚ್ಚು ಕಡಿಮೆ ಒಂದು ಲಯದಲ್ಲಿ ಬರುತ್ತವೆ ಎಂದು ಓದಿದೆ. ನಡುನಡುವೆ ಅದು ಬೇಕೆಂದೇ ಚುಕ್ಕಿ ಬಿಡದೆ ಸುಮ್ಮನಿರುತ್ತದಂತೆ, ಆಗಲೂ ಯಾರಾದರೂ ಒತ್ತುತ್ತಾರೇನೋ ನೋಡಲು.

ನನ್ನ ಊಹೆ ತಪ್ಪಾಗಿದ್ದರೆ ಕ್ಷಮಿಸಿ. ತಪ್ಪಾಗಿರಲಿ ಎಂದೇ ಆಸೆ.

ಸಂಜೆ ನಾನು ರೇಡಿಯೋ ಹಾಕಿ ಮಾರನೆಯ ದಿನದ ತರಕಾರಿ ಹೆಚ್ಚುತ್ತೇನೆ. ಒಬ್ಬಳಿಗೆ ಎಷ್ಟು ಬೇಕೆಂದು ಇನ್ನೂ ಅಂದಾಜು ಸಿಕ್ಕಿಲ್ಲ.

ನಾನು


ಮಾರ್ಚ್ 9

ಇಂಜಿನಿಯರಮ್ಮನಿಗೆ,

ನಿನ್ನ ಕಾಗದ ಓದಿ ಮೈ ಉರಿದುಹೋಯಿತು. ಹರಿಯೋಣ ಎಂದುಕೊಂಡೆ. ನನ್ನ ಸೊಸೆಯಾಗಿದ್ದಾಗ ಬಾಯಿ ಬಿಡದವಳು ನಾಲ್ಕು ವರ್ಷ ಕಳೆದು ನನ್ನ ಕೈಯನ್ನು ಅಂಟಿಕೊಂಡ ಮುಳ್ಳು ಎನ್ನುತ್ತಾಳಲ್ಲ ಎಂದು. ಉತ್ತರ ಬರೆಯಲು ಮೆಷಿನ್ನಿನ ಮುಂದೆ ಕೂತೆ. ಕೂತು ಬೆರಳಿಟ್ಟೆ. ಬೆರಳು ತಾನಾಗಿ ಹೊರಟಿತು, ನಾನಿನ್ನೂ ಏನು ಬರೆಯಬೇಕೆಂದು ಯೋಚಿಸಿಯೇ ಇರಲಿಲ್ಲ. ಆಗ ಕೈ ತೆಗೆದೆ.

ಹೋದ ವಾರ ಮತ್ತೆ ಪರೀಕ್ಷೆಗೆ ಹೋದೆ. ಅದೇ ಹುಡುಗಿ. "ಅಯ್ಯೋ ಅಜ್ಜಿ, ಮತ್ತೆ ಬಂದ್ರಾ? ಡಾಕ್ಟರ್ ಬರೆದಿಲ್ವಲ್ಲ?"

"ನಾನೇ ಬರ್ಕೊಂಡಿದ್ದೀನಿ, ಇಡಮ್ಮ ಮೆಷಿನ್ನು."

ಈ ಸಲ ಕಂಡರೆ ಮಾತ್ರ ಒತ್ತುವುದು ಎಂದು ಕೂತೆ. ಎರಡು ಮೂರು ಒತ್ತಿದೆ. ಆಮೇಲೆ ಏನೂ ಇಲ್ಲ. ಬಿಳಿ ಬೋಗುಣಿ, ನಡುವಿನ ದೀಪ, ಅಷ್ಟೇ. ಹೆಬ್ಬೆರಳು ಕುಣಿಯುತ್ತಿತ್ತು, ಹಿಡಿದುಕೊಂಡೆ. ಕಾದೆ. ತುಂಬಾ ಹೊತ್ತು ಕಾದೆ. ಕೊನೆಗೆ, "ಏನಮ್ಮಾ, ಕರೆಂಟ್ ಹೋಯ್ತಾ?" ಎಂದೆ.

"ಇಲ್ಲಜ್ಜಿ, ನಡೀತಾ ಇದೆ. ಚುಕ್ಕಿ ಬರ್ತಾನೇ ಇದೆ."

ಅವಳ ದನಿಯಲ್ಲಿ ಯಾವತ್ತಿನ ಗೋಗರೆತ ಇರಲಿಲ್ಲ. ಒತ್ತಿ ಎಂದು ಒಮ್ಮೆಯೂ ಹೇಳಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ಈ ಸಲ ಯಂತ್ರ ನನ್ನನ್ನು ನಂಬಿತು. ಕಾಗದದಲ್ಲಿ ಎಲ್ಲ ಕಪ್ಪು, ನಡುವೆ ಅಂಗಿಯ ಗುಂಡಿಯಷ್ಟು ಬಿಳಿ. ಡಾಕ್ಟರಮ್ಮ ಅದನ್ನು ನೋಡಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಈಗ ನಿಜ ಗೊತ್ತಾಯ್ತಲ್ಲಮ್ಮ" ಎಂದಷ್ಟೇ ಅಂದರು. ಒತ್ತಡ ಮೂವತ್ತಾರಕ್ಕೆ ಏರಿದೆ. ಇಪ್ಪತ್ತರ ಒಳಗಿರಬೇಕಂತೆ. ಹೀಗೇ ಬಿಟ್ಟರೆ ಆ ಗುಂಡಿಯೂ ಹೋಗುತ್ತದೆ, ಅದಕ್ಕೆ ವರ್ಷವೇನೂ ಬೇಡವಂತೆ.

ಮಾರ್ಚ್ ಇಪ್ಪತ್ತಕ್ಕೆ ಲೇಸರು. ಒಪ್ಪಿದ್ದೇನೆ. ಒಪ್ಪಿದ್ದು ನಾನು, ನಿನ್ನ ಕಾಗದ ಓದಿ ಒಪ್ಪಿದೆ ಎಂದು ನೀನು ತಲೆಗೆ ಹಚ್ಚಿಕೊಳ್ಳಬೇಡ. ಹಚ್ಚಿಕೊಳ್ಳುತ್ತೀಯ, ನನಗೆ ಗೊತ್ತು.

ನೀನು ಬರಬೇಡ. ಇವನು ಬರುತ್ತಾನೆ. ನಿಮ್ಮಿಬ್ಬರ ಮಧ್ಯೆ ಕಣ್ಣು ಕಟ್ಟಿಸಿಕೊಂಡು ಕೂರುವ ಶಕ್ತಿ ನನಗಿಲ್ಲ. ನೀನು ಈ ಮನೆಯಲ್ಲಿದ್ದಾಗ ಕಣ್ಣು ಬಿಟ್ಟುಕೊಂಡು ಕೂತಿದ್ದೇ ಸಾಕಾಗಿದೆ.

ನಿನ್ನ ಅತ್ತೆ


ಮಾರ್ಚ್ 15

ಅತ್ತೆ,

ಬರುವುದಿಲ್ಲ.

ಆ ದಿನ ಬೆಳಗಿನ ಪಾಳಿ ಹಾಕಿಸಿಕೊಂಡಿದ್ದೇನೆ. ಮೀಟರುಗಳ ಮುಂದೆ ಇರುತ್ತೇನೆ. ಇಂಜೆಕ್ಷನ್ ಕೊಡುವಾಗ ಉಸಿರು ಬಿಗಿಹಿಡಿಯಬೇಡಿ, ಬಿಗಿಹಿಡಿದರೆ ಒತ್ತಡ ಇನ್ನೂ ಏರುತ್ತದೆ. ಆಮೇಲೆ ಬಗ್ಗಿ ಏನೂ ಎತ್ತಬೇಡಿ. ಹನಿ ಬಿಡಬೇಡಿ. ಇದನ್ನೆಲ್ಲ ಡಾಕ್ಟರು ಹೇಳಿರುತ್ತಾರೆ, ಆದರೂ ಬರೆಯುತ್ತಿದ್ದೇನೆ. ಬರೆಯಲು ನನ್ನ ಬಳಿ ಇರುವುದು ಇಷ್ಟೇ.

ಕಣ್ಣು ಬಿಟ್ಟುಕೊಂಡು ಕೂತ ಮಾತು ಬರೆದಿದ್ದೀರಿ. ಅದನ್ನು ಮತ್ತೆ ಮತ್ತೆ ಓದಿದೆ.

ಹೇಗಾಯಿತೆಂದು ಒಂದು ಸಾಲು ಬರೆಸಿ. ಯಾರ ಕೈಯಲ್ಲಾದರೂ ಸರಿ.

ನಾನು


ಏಪ್ರಿಲ್ 6

ಅತ್ತೆ,

ನಿಮ್ಮಿಂದ ಸುದ್ದಿಯಿಲ್ಲ. ಕಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದೀರಿ ಎಂದುಕೊಂಡು ಸುಮ್ಮನಿದ್ದೆ. ಆದರೆ ಒಂದು ವಿಷಯ ಮುಚ್ಚಿಟ್ಟುಕೊಂಡು ಇನ್ನೂ ಕಾಯುವುದು ನನ್ನಿಂದಾಗುತ್ತಿಲ್ಲ.

ಬರಬೇಡ ಎಂದಿರಿ, ಬರುವುದಿಲ್ಲ ಎಂದೆ, ಬಂದೆ. ಬೆಳಗಿನ ಪಾಳಿಯನ್ನು ಬೇರೆಯವರಿಗೆ ಒಪ್ಪಿಸಿ ಮೊದಲ ಬಸ್ಸು ಹಿಡಿದೆ. ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ, ಔಷಧಿ ಅಂಗಡಿಯ ಎದುರಿನ ಬೆಂಚಿನ ಮೇಲೆ ಕೂತಿದ್ದೆ. ದೂರದಿಂದ ನೋಡಿ ಹೋಗಿಬಿಡುವುದು ಎಂದು ಲೆಕ್ಕ. ಮಧ್ಯಾಹ್ನ ಲಿಫ್ಟಿನ ಬಾಗಿಲು ತೆರೆದು ನೀವು ಬಂದಿರಿ. ಬಲಗಣ್ಣಿನ ಮೇಲೆ ಹತ್ತಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ. ನಿಮ್ಮ ಮಗ ಮೊಣಕೈ ಹಿಡಿದಿದ್ದರು. ನೀವು ನೇರವಾಗಿ ನನ್ನ ಕಡೆಗೇ ನಡೆದು ಬಂದಿರಿ. ಎದ್ದು ಓಡಲೂ ಆಗದೆ ಅಲ್ಲೇ ಕೂತಿದ್ದೆ. ನಿಮಗೆ ಯಾವ ಕಣ್ಣಿನಲ್ಲೂ ಏನೂ ಕಾಣುತ್ತಿಲ್ಲ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನಿಮ್ಮ ಶಾಲಿನ ತುದಿ ನನ್ನ ಮಂಡಿಗೆ ಸೋಕಿತು. "ಇಲ್ಲಿ ಯಾರೋ ಕೂತಿದ್ದಾರೇನೋ, ಕ್ಷಮಿಸಿ" ಎಂದು ನೀವು ಗಾಳಿಗೆ ಹೇಳಿದಿರಿ.

ನಿಮ್ಮ ಮಗ ನನ್ನನ್ನು ನೋಡಿದರು. ಅವರ ಮುಖದಲ್ಲಿ ಏನಿತ್ತೋ ನನಗೆ ಓದಲು ಬರಲಿಲ್ಲ, ಮೊದಲೂ ಬರುತ್ತಿರಲಿಲ್ಲ. ಒಂದು ಗಳಿಗೆ ನಿಂತರು. "ಮೆಟ್ಟಿಲಿದೆ ಅಮ್ಮ, ನಿಧಾನ" ಎಂದರು. ನೀವು ಹೋದಿರಿ.

ಇದು ತಪ್ಪೋ ಸರಿಯೋ ಎಂದು ನಿಮ್ಮನ್ನು ಕೇಳುತ್ತಿಲ್ಲ. ನೀವು ಕಾಣಲಾರದ ಹೊತ್ತಿನಲ್ಲಿ ನಾನು ಕಂಡೆ, ಅದು ನಿಮಗೆ ತಿಳಿದಿರಬೇಕು.

ನಾನು


ಏಪ್ರಿಲ್ 28

ಅತ್ತೆ,

ಇಂದು ನಿಮ್ಮ ನಡುಮನೆಯ ನಂಬರಿಗೆ ಫೋನ್ ಮಾಡಿದೆ. ಒಂದು ಸಲ ರಿಂಗ್ ಆಗುತ್ತಲೇ ಇಟ್ಟುಬಿಟ್ಟೆ. ಯಾರು ಎತ್ತಿದರೂ ಏನು ಹೇಳುವುದೆಂದು ತಿಳಿದಿರಲಿಲ್ಲ.

ನಾನು ಪಂಪು, ಟ್ಯಾಂಕು ಎಂದೆಲ್ಲ ಬರೆದೆ. ಎಷ್ಟು ಸಲೀಸಾಗಿ ಬರೆದೆ! ನಮ್ಮಲ್ಲಿ ತಪ್ಪಾದರೆ ವಾಲ್ವು ತಿರುಗಿಸಿ ಮತ್ತೆ ಶುರು ಮಾಡುತ್ತೇವೆ. ನಿಮ್ಮ ಮೈಗೆ ಆ ಮಾತು ಹಚ್ಚುವ ಮೊದಲು ನಾನು ಇನ್ನೊಂದಿಷ್ಟು ಹೆದರಬೇಕಿತ್ತು. ಆ ಮೂರು ಸುಳ್ಳು ಪರೀಕ್ಷೆಗಳ ನೆಮ್ಮದಿಯಲ್ಲೇ ನೀವು ಇನ್ನೂ ಕೆಲವು ತಿಂಗಳು ಇರಬಹುದಿತ್ತು. ಅದನ್ನು ನಾನು ಕಿತ್ತುಕೊಂಡೆ. ಅದರ ಬದಲಿಗೆ ನಿಮಗೆ ಏನು ಸಿಕ್ಕಿತು ಎಂಬುದು ನನಗೆ ತಿಳಿಯದು.

ಒಳ್ಳೆಯದಾಗಿಲ್ಲದಿದ್ದರೂ ಬರೆಯಿರಿ.

ನಾನು


ಮೇ 19

ಇಂಜಿನಿಯರಮ್ಮನಿಗೆ,

ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ. ಹೇಳಲು ಏನಾದರೂ ಖಚಿತವಾಗಲಿ ಎಂದು ಕಾದೆ. ಅರ್ಧ ಸುದ್ದಿ ಕಳಿಸಿದರೆ ಉಳಿದರ್ಧವನ್ನು ನೀನು ಕೆಟ್ಟದಾಗೇ ತುಂಬಿಕೊಳ್ಳುತ್ತೀಯ.

ಮೊದಲು ಕೆಟ್ಟದ್ದು. ಹತ್ತಿ ತೆಗೆದ ಮೇಲೆ ಬರೀ ಮಂಜು. ಕಣ್ಣು ಕೆಂಪಗೆ ಉರಿಯುತ್ತಿತ್ತು. ಲೇಸರಿನ ಬಿಸಿಗೆ ಒಳಗೆ ಬಾವು ಬಂದಿದೆ, ಇಳಿಯುತ್ತೆ, ಕಾಯಿರಿ ಎಂದರು. ಕಾದೆ. ಒತ್ತಡ ಇಳಿಯಿತು, ಆದರೆ ಬೇಕಾದಷ್ಟಲ್ಲ. ಕಮ್ಮಿಯಿಂದ ಶುರು ಮಾಡುತ್ತೇವೆ ಎಂದಿದ್ದರಲ್ಲ, ಹಾಗೇ. ಏಪ್ರಿಲ್ ನಡುವೆ ಎರಡನೇ ಸಲ ಮಾಡಿಸಿಕೊಂಡೆ. ಮತ್ತೆ ಮಂಜು. ಆ ದಿನಗಳಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ಒಳಗೆ ಹೋಗಿ ಅಳುತ್ತಿದ್ದೆ ಎಂದೂ ಬರೆದುಬಿಡುತ್ತೇನೆ. ಕಣ್ಣೀರು ಬೇರೆ, ಆ ನೀರು ಬೇರೆ ಎಂದು ನೀನೇ ಹೇಳಿದ್ದೀಯ, ಹಾಗಾಗಿ ಧೈರ್ಯವಾಗಿ ಅತ್ತೆ.

ಈಗ ಒಳ್ಳೆಯದು. ಹೋದ ಸೋಮವಾರ ಒತ್ತಡ ಹದಿನೇಳು. ಮಂಜು ಸರಿದಿದೆ. ಗುಂಡಿ ಗುಂಡಿಯಷ್ಟೇ ಇದೆ, ದೊಡ್ಡದಾಗಿಲ್ಲ, ಚಿಕ್ಕದೂ ಆಗಿಲ್ಲ. ಒಂದು ಹನಿ ನಿಲ್ಲಿಸಿದ್ದಾರೆ. ಇನ್ನೆಷ್ಟು ದಿನ ಹೀಗಿರುತ್ತದೆ ಎಂದು ಕೇಳಿದರೆ ಡಾಕ್ಟರಮ್ಮ, "ನೋಡ್ತಾ ಇರೋಣಮ್ಮ" ಎಂದರು. ನಾನು, "ಅದನ್ನೇ ಮಾಡೋಣ ಅಂತ ತಾನೇ ಇಷ್ಟೆಲ್ಲ ಸುಡಿಸಿಕೊಂಡಿದ್ದು" ಎಂದೆ. ಇವನೂ ನಕ್ಕ.

ನಿನ್ನ ಕಾಗದಗಳು ಬಂದಾಗ ಓದಲಾಗುತ್ತಿರಲಿಲ್ಲ. ಬಂದವನ್ನೆಲ್ಲ ಮೆಷಿನ್ನಿನ ಮುಸುಕಿನ ಕೆಳಗೆ ಇಡುತ್ತಿದ್ದೆ. ಒಂದು ದಿನ ಇವನು ಕೋಣೆಗೆ ಬಂದು ಬಾಗಿಲಲ್ಲೇ ನಿಂತ. "ಓದಿ ಹೇಳ್ಲಾ?" ಎಂದ. ಬೇಡ ಎಂದೆ. "ಸರಿ" ಎಂದು ಅವನ್ನು ಬಂದ ದಿನದ ಪ್ರಕಾರ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ನನ್ನ ಕೈಗೆ ಕೊಟ್ಟು ಹೋದ. ಅವನನ್ನು ನಾನು ಇನ್ನೂ ಸರಿಯಾಗಿ ನೋಡಿಲ್ಲವೇನೋ ಅನ್ನಿಸಿತು. ನಿನಗೂ ಅನ್ನಿಸಬೇಕೆಂದು ಬರೆಯುತ್ತಿಲ್ಲ. ಆ ಲೆಕ್ಕ ಮುಗಿದಿದೆ, ಅದನ್ನು ನಾನು ಬಿಚ್ಚುವುದಿಲ್ಲ.

ಮಂಜು ಸರಿದ ಮೇಲೆ ಓದಿದೆ. ನನ್ನ ಗುಂಡಿಯಷ್ಟು ನೋಟದಲ್ಲಿ ಒಂದು ಸಲಕ್ಕೆ ಒಂದು ಪದ ಹಿಡಿಸುತ್ತದೆ. ಮುಂದಿನ ಪದ ಬೇಕೆಂದರೆ ಕಾಗದವನ್ನು ಎಡಕ್ಕೆ ಸರಿಸಬೇಕು. ನೀನು ಆಸ್ಪತ್ರೆಗೆ ಬಂದದ್ದನ್ನು ಹಾಗೆ ಸರಿಸಿ ಸರಿಸಿ ಓದಿದೆ. ಬೆಂಚು, ಲಿಫ್ಟು, ಶಾಲು. ಇಡೀ ಮಧ್ಯಾಹ್ನ ಹಿಡಿಯಿತು.

ಆದರೆ ಅದು ನನಗೆ ಮೊದಲೇ ಗೊತ್ತಿತ್ತು. ಆ ಸಂಜೆಯೇ ಇವನು ಹೇಳಿದ. "ಅವಳು ಬಂದಿದ್ಲು. ಕೆಳಗೆ ಬೆಂಚಿನ ಮೇಲೆ."

ನನಗೆ ಎಲ್ಲಿಲ್ಲದ ಸಿಟ್ಟು. "ಅಲ್ಲೇ ಹೇಳೋದಲ್ವೇನೋ? ಕರೆಯೋದಲ್ವಾ?"

"ಅವಳೇ ನಿನ್ನ ಕರೀಲಿಲ್ಲ, ನಾನು ಹೇಗೆ ಕರೀಲಿ ಅಮ್ಮ?" ಎಂದ. ಆಮೇಲೆ, "ತುಂಬಾ ಸೊರಗಿದಾಳೆ" ಎಂದ. ಅಷ್ಟೇ.

ನೆಮ್ಮದಿ ಕಿತ್ತುಕೊಂಡೆ ಎಂದು ಬರೆದಿದ್ದೀಯ. ಕಿತ್ತುಕೊಂಡೆ, ನಿಜ. ಆ ನೆಮ್ಮದಿಯಲ್ಲಿ ನಾನು ರಸ್ತೆ ದಾಟುತ್ತಿದ್ದೆ, ಒಲೆ ಹಚ್ಚುತ್ತಿದ್ದೆ. ಈಗ ಹೆದರಿಕೊಂಡು, ತಲೆ ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ, ಹುಡುಕಿ ನೋಡುತ್ತೇನೆ. ನೋಡಿದ್ದು ಮಾತ್ರ ನಿಜವಾಗಿ ಅಲ್ಲೇ ಇರುತ್ತದೆ. ನನಗೆ ಇದು ಸಾಕು.

ಇವನು ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆಯಿಂದ ಮನೆಯಲ್ಲಿರುವುದಿಲ್ಲವಂತೆ. ನಾನು ಕೇಳಿರಲಿಲ್ಲ, ಅವನಾಗಿ ಬಂದು ಹೇಳಿದ. ಎರಡು ಸಲ ಹೇಳಿದ. ಆ ದಿನ ಬಾ. ಪಾಳಿ ಗೀಳಿ ಎನ್ನಬೇಡ, ಈ ಸಲ ಕರೆಯುತ್ತಿರುವುದು ನಾನು.

ಬಂದಾಗ ಪಕ್ಕದಲ್ಲಿ ಕೂರಬೇಡ, ಪಕ್ಕ ಎನ್ನುವುದು ನನಗೆ ಈಗ ಇಲ್ಲ. ಬಾಗಿಲು ತೆಗೆದಾಗ ನಾನು ನಿನ್ನನ್ನು ಬಿಟ್ಟು ಚಿಲಕವನ್ನೋ ನಿನ್ನ ಭುಜದಾಚೆಯ ಗೋಡೆಯನ್ನೋ ನೋಡುತ್ತಿದ್ದರೆ, ಗುರುತು ಸಿಗಲಿಲ್ಲವೆಂದು ಹೆದರಿ ಮಾತಾಡಿಸಲು ಹೋಗಬೇಡ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತುಕೋ. ನಿನ್ನ ಮುಖ ಎಲ್ಲಿದೆ ಎಂದು ಹುಡುಕುತ್ತಿರುತ್ತೇನೆ.

ನಿನ್ನ ಅತ್ತೆ